ಹಾಸನದ ಏರಿನಲ್ಲಿ ನಿಂತ ಗಾಡಿ

ನಾನು ತೆಗೆದ ರೈಲಿನ ಫೋಟೋ ಅರಸೀಕೆರೆ ಸ್ಟೇಷನ್ನಿನ ಗೋಡೆಗೆ ಬರುವುದು ಎಂದಿಗೂ ಆಗದ ಮಾತು ಎಂದು ಮೊದಲು ಹೇಳಿದವರು ನರಸಿಂಹಮೂರ್ತಿಗಳು. ಬುಕಿಂಗ್ ಆಫೀಸಿನಲ್ಲಿ ನನ್ನ ಮೇಲಿನ ಸೂಪರ್‌ವೈಸರ್. ಆಮೇಲೆ ಹೇಳಿದವರು ನನ್ನ ಸೋದರಮಾವ ಈರಯ್ಯ. ಕೊನೆಗೆ ಹೇಳಿದವನು ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದ ಚಂದ್ರಣ್ಣ. ಮೂವರಿಗೂ ಅವರವರದೇ ಕಾರಣಗಳಿದ್ದವು. ಮೂರ್ತಿಗಳು ಹೇಳಿದ್ದು ಮಾತ್ರ ನನಗೆ ಅಕ್ಷರ ಬಿಡದೆ ನೆನಪಿದೆ. ಏಕೆಂದರೆ ಅದನ್ನು ಕೌಂಟರಿನ ಮುಂದೆ ಸಾಲು ನಿಂತಿದ್ದವರೆಲ್ಲ ಕೇಳಿಸಿಕೊಂಡರು.

"ಜಯಮ್ಮ, ಟಿಕೆಟ್ ಕೊಡೋರು ತೆಗೆದ ಫೋಟೋನ ಗೋಡೆಗೆ ಹಾಕಿ ಕೆಳಗೆ ಅವರ ಹೆಸರು ಬರೆಯೋ ಕಾಲ ಬಂದ್ರೆ, ಅವತ್ತಿಗೆ ಈ ರೈಲ್ವೇನೇ ಇರಲ್ಲ ಬಿಡಿ. ಆ ತುಮಕೂರಿನೋರು ಆಗ್ಲಿಂದ ನಿಂತವ್ರೆ, ಮೊದಲು ಅವರಿಗೆ ಟಿಕೆಟ್ ಕೊಡಿ."

ಕೊಟ್ಟೆ. ರೈಲ್ವೇನೂ ಇದೆ, ನಾನೂ ಇದ್ದೇನೆ. ಆ ಫೋಟೋ ಎಲ್ಲಿದೆ ಎಂಬುದನ್ನು ಹೇಳಲಿಕ್ಕೇ ಈ ಬರಹ.

ಈಗ ಅರಸೀಕೆರೆ ಪ್ಲಾಟ್‌ಫಾರಂ ತುದಿಯಲ್ಲಿ ಫೋನು, ಕ್ಯಾಮೆರಾ ಹಿಡಿದು ಗಾಡಿಗೆ ಕಾಯುವ ಹುಡುಗ ಹುಡುಗಿಯರು ಬಹಳ ಜನ ಇದ್ದಾರೆ. ನನ್ನನ್ನು ಕಂಡರೆ "ಆಂಟಿ, ನೀವು ಉಗಿ ಎಂಜಿನ್ ನಿಜವಾಗ್ಲೂ ನೋಡಿದೀರಾ?" ಎನ್ನುತ್ತಾರೆ. ನೋಡುವುದಿರಲಿ, ಅದರ ಮಸಿ ನನ್ನ ಊಟದ ಡಬ್ಬಿಯೊಳಗೂ ಬೀಳುತ್ತಿತ್ತು. ರೈಲಿನ ಫೋಟೋ ತೆಗೆಯುವುದನ್ನು ಅವರು ಹವ್ಯಾಸ ಎನ್ನುತ್ತಾರೆ. ನನಗೂ ಹವ್ಯಾಸವೇ. ಆದರೆ ಸಂಬಳದ ಕೆಲಸಕ್ಕಿಂತ ಹೆಚ್ಚು ಬೈಗುಳ ತಿಂದದ್ದು ಇದರಲ್ಲಿ, ಹೆಚ್ಚು ಕಲಿತದ್ದೂ ಇದರಲ್ಲಿ.

ನಾನು ಹಾರನಹಳ್ಳಿಯವಳು. ನಮ್ಮ ಅಪ್ಪ ಅವ್ವ ಇಬ್ಬರೂ ಕೂಲಿ ಮಾಡಿದವರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಬಿಟ್ಟರೆ ಬೇರೆ ಪಟ ಇರಲಿಲ್ಲ. ನಮ್ಮ ಕಡೆಯವರಲ್ಲಿ, ಗಂಡಸು ಹೆಂಗಸು ಎಲ್ಲ ಸೇರಿಸಿ, ಬಿ.ಎ. ಎಂಬ ಎರಡಕ್ಷರ ಹೆಸರಿನ ಮುಂದೆ ಹಾಕಿಕೊಂಡ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಗ್ಗೆ ರಾಗಿ ಹೊಲದಲ್ಲಿ ಕಳೆ ಕಿತ್ತು, ಕೈ ತೊಳೆದು, ಬಸ್ಸಿನ ಹಿಂದಿನ ಮೆಟ್ಟಿಲ ಮೇಲೆ ನಿಂತು ಕಾಲೇಜಿಗೆ ಹೋಗಿ ಸಂಪಾದಿಸಿದ ಡಿಗ್ರಿ ಅದು. ರೈಲ್ವೆ ಪರೀಕ್ಷೆ ಬರೆದು ಪಾಸಾಗಿ ಬುಕಿಂಗ್ ಕ್ಲರ್ಕ್ ಆದಾಗ ಈರಯ್ಯ ಮಾವ, "ಕೂತ್ಕೊಂಡು ಮಾಡೋ ಕೆಲಸ ಸಿಕ್ತಲ್ಲ, ಸಾಕು. ಇನ್ನು ತಲೆ ಎತ್ಬೇಡ, ಕೈಲಿರೋ ಕೆಲಸ ನೋಡ್ಕೊ" ಎಂದಿದ್ದರು. ಅವರ ಪ್ರಕಾರ ಅದೇ ಆಶೀರ್ವಾದ.

ಆಗಿನ ಟಿಕೆಟ್ಟು ರಟ್ಟಿನದು. ಬೆರಳಿನಷ್ಟು ಉದ್ದ. ತಾರೀಖು ಹೊಡೆಯುವ ಕಬ್ಬಿಣದ ಯಂತ್ರಕ್ಕೆ ತೂರಿಸಿದರೆ ಟಕ್ ಎನ್ನುತ್ತಿತ್ತು. ದಿನವಿಡೀ ಟಕ್ ಟಕ್. ನಮ್ಮಲ್ಲಿಗೆ ಬರುವ ಪರವೂರಿನವರು ಕೇಳುತ್ತಿದ್ದದ್ದು ಒಂದೇ: "ಹಳೇಬೀಡಿಗೆ ಟಿಕೆಟ್ ಕೊಡಿ." ಹಳೇಬೀಡಿಗೆ ರೈಲಿಲ್ಲ, ಬೇಲೂರಿಗೂ ಇಲ್ಲ, ಹೊರಗೆ ಹೋಗಿ ಬಸ್ಸು ಹಿಡಿಯಿರಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು. ವೆಯಿಟಿಂಗ್ ಹಾಲಿನ ಗೋಡೆಯಲ್ಲೂ ಬೇಲೂರಿನ ಶಿಲಾಬಾಲಿಕೆ, ಹಳೇಬೀಡಿನ ನಂದಿ, ಮತ್ತೆ ಬೇಲೂರಿನ ಗೋಪುರ. ಚೆನ್ನಾಗಿಯೇ ಇದ್ದವು. ಆದರೆ ಆ ಪರವೂರಿನವರನ್ನೆಲ್ಲ ಇಲ್ಲಿಯವರೆಗೆ ಹೊತ್ತು ತಂದ ಗಾಡಿಯ ಒಂದು ಪಟವೂ ಇರಲಿಲ್ಲ.

ಅದು ನನ್ನ ತಲೆಗೆ ಬಂದದ್ದು ಒಬ್ಬ ವಿದೇಶಿ ಪ್ರವಾಸಿಯಿಂದ. ಬಿಳಿ ಟೋಪಿ, ಹೆಗಲಿಗೆ ಎರಡು ಕ್ಯಾಮೆರಾ. ಅವನು ಕೌಂಟರಿಗೆ ಬಂದ ಕೂಡಲೇ ನಾನು ರೂಢಿಯಂತೆ "ಹಳೇಬೀಡು, ಹೊರಗೆ ಬಸ್" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ತಲೆಯಾಡಿಸಿ ನಕ್ಕ. ದೇವಸ್ಥಾನ ಬೇಡವಂತೆ. ಎಂಜಿನ್‌ಗೆ ನೀರು ತುಂಬುವ ಕಂಬ ಎಲ್ಲಿದೆ ಎಂದು ಕೇಳಿದ. ಇಡೀ ದಿನ ಅಲ್ಲೇ ನಿಂತಿದ್ದ. ಬೂದಿ ಗುಂಡಿಯ ಫೋಟೋ, ಕಲ್ಲಿದ್ದಲು ಎತ್ತುವವರ ಫೋಟೋ, ಎಂಜಿನ್‌ನ ಆವಿ ಬಿಸಿಲಿಗೆ ಬಿಳಿಯಾಗಿ ಹಬ್ಬುವ ಫೋಟೋ. ನಾನು ಊಟದ ಹೊತ್ತಿನಲ್ಲಿ ಕಿಟಕಿಯಿಂದ ನೋಡುತ್ತಾ ಕೂತೆ. ದಿನಾ ಕಣ್ಣೆದುರು ಇದ್ದದ್ದು ನನಗೆ ಅಂದೇ ಕಾಣಿಸಿದ್ದು. ಹೋಗುವಾಗ ಅವನು, ಇವೆಲ್ಲ ಸ್ವಲ್ಪ ವರ್ಷದಲ್ಲಿ ಇರುವುದಿಲ್ಲ, ನಿಮ್ಮಲ್ಲಿ ಯಾರೂ ತೆಗೆದಿಡುತ್ತಿಲ್ಲವೇ ಎಂದ.

ಸಂಜೆ ಮನೆಗೆ ಬಂದು ಯಜಮಾನರ ಕ್ಯಾಮೆರಾ ಬೀರುವಿನಿಂದ ಈಚೆ ತೆಗೆದೆ. ಅವರು ಬಸವರಾಜು, ಮಾದಿಹಳ್ಳಿ ಹೈಸ್ಕೂಲಿನಲ್ಲಿ ಮೇಷ್ಟ್ರು. ಶಾಲೆಯ ಗ್ರೂಪ್ ಫೋಟೋಗೆಂದು ಇಟ್ಟುಕೊಂಡಿದ್ದ ಕ್ಯಾಮೆರಾ ಅದು. "ಯಾರ ಫೋಟೋ ತೆಗೀತೀಯಾ?" ಎಂದರು. "ಗಾಡೀದು" ಎಂದೆ. "ಗಾಡಿ ಅಲ್ಲಾಡದೆ ನಿಲ್ಲಲ್ವಲ್ಲೇ, ನನ್ನ ಹುಡುಗರ ಥರ" ಎಂದು ನಕ್ಕು ಕೊಟ್ಟರು.

ತೊಂದರೆ ಬೇರೆ ಇತ್ತು. ಆಗ ಸ್ಟೇಷನ್ನಿನ ಆವರಣದಲ್ಲಿ ಕ್ಯಾಮೆರಾ ಎತ್ತಬೇಕಾದರೆ ಮೇಲಿನಿಂದ ಅನುಮತಿ ಬೇಕು. ನಾನು ಕೊಟ್ಟ ಅರ್ಜಿಯನ್ನು ಮೂರ್ತಿಗಳು ಮೇಲಕ್ಕೆ ಕಳಿಸಲೇ ಇಲ್ಲ. ಹಾಗಾದರೆ ಊರ ಹೊರಗೆ, ಹಾಸನದ ಲೈನಿನಲ್ಲಿ ಏರು ಶುರುವಾಗುವ ಕಡೆ ಹೋಗಬೇಕು. ಅಲ್ಲಿ ಒಂದು ಹುಣಸೆ ಮರ, ಸುತ್ತ ತೆಂಗಿನ ತೋಟ, ಜನ ಇಲ್ಲ. ಪ್ರಾಯದ ಹೆಂಗಸು ಕ್ಯಾಮೆರಾ ಹಿಡಿದು ಒಬ್ಬಳೇ ಹಳಿ ಪಕ್ಕ ನಿಂತರೆ ಅರಸೀಕೆರೆಯಲ್ಲಿ ಏನು ಮಾತು ಹುಟ್ಟುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಆಗ ದಾರಿ ಮಾಡಿಕೊಟ್ಟವರು ನಮ್ಮತ್ತೆ ನಂಜಮ್ಮ.

"ನಾನು ಬತ್ತೀನಿ ನಡಿಯೇ" ಎಂದರು. "ಅತ್ತೆ ಜೊತೇಲಿ ಸೊಸೆ ನಿಂತ್ರೆ ಯಾವನು ಏನಂತಾನೆ? ಅಂದ್ರೆ ನನ್ನ ಹತ್ರ ಕಳ್ಸು."

ಅತ್ತೆ ಓದು ಬರಹ ಬಾರದವರು. ಎಲೆ ಅಡಿಕೆ ಚೀಲ ಸೊಂಟಕ್ಕೆ, ಕಪ್ಪು ಛತ್ರಿ ಕೈಗೆ. ನನಗೆ ಪಾಳಿ ಇಲ್ಲದ ದಿನ ಇಬ್ಬರೂ ಹೊರಡುತ್ತಿದ್ದೆವು. ನಾನು ಬೆಳಕು ನೋಡಿದರೆ ಅವರು ಕುಳಿತುಕೊಳ್ಳಲು ಕಲ್ಲು ನೋಡುತ್ತಿದ್ದರು. ಗಾಡಿ ಬರುವುದನ್ನು ನನಗಿಂತ ಮೊದಲು ಕಂಡುಹಿಡಿಯುತ್ತಿದ್ದವರೂ ಅವರೇ. "ಕಾಗೆ ಎದ್ವು ನೋಡು, ಬಂತು" ಎನ್ನುತ್ತಿದ್ದರು. ಹುಡುಗರೇ, ನಿಮ್ಮ ಫೋನಿನಲ್ಲಿ ಗಾಡಿ ಎಲ್ಲಿದೆ ಎಂದು ಚುಕ್ಕೆ ತೋರಿಸುತ್ತದೆ, ಸಂತೋಷ. ಆದರೂ ಕಿವಿ ತೆರೆದಿಡಿ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಹಳಿ ಪಕ್ಕ ನಿಂತವರನ್ನು ಕಂಡರೆ ನನ್ನ ಕೈ ತಾನಾಗಿ ಮೇಲೇಳುತ್ತದೆ. ಹಳಿಯಿಂದ ದೂರ ನಿಲ್ಲಿ, ಇನ್ನೊಂದು ಲೈನಿಗೆ ಬೆನ್ನು ಕೊಡಬೇಡಿ. ಫೋಟೋ ಇನ್ನೊಂದು ಸಿಗುತ್ತದೆ.

ಈಗ ಆ ಫೋಟೋ ತೆಗೆದ ದಿನಕ್ಕೆ ಬರುತ್ತೇನೆ.

ಉಗಿ ಎಂಜಿನ್‌ನ ಫೋಟೋಗೆ ಜೀವ ಎಂದರೆ ಹೊಗೆ. ಹೊಗೆ ತಾನಾಗಿ ಬೇಕಾದ ಕಡೆ ಬರುವುದಿಲ್ಲ. ಡ್ರೈವರ್ ಮನಸ್ಸು ಮಾಡಿ, ಬೆಂಕಿಯವರಿಗೆ ಹೇಳಿ, ಒಂದೆರಡು ಸಲಿಕೆ ಕಲ್ಲಿದ್ದಲು ಹೆಚ್ಚಿಗೆ ಹಾಕಿಸಬೇಕು. ಹಾಸನದ ಗಾಡಿಯ ಡ್ರೈವರ್ ಖಾದರ್ ಸಾಹೇಬರು ನಮ್ಮ ಕೌಂಟರಿಗೆ ಚಹಾದ ಹೊತ್ತಿಗೆ ಬರುತ್ತಿದ್ದರು. ಅವರನ್ನು ಕೇಳಿಕೊಂಡೆ. "ಆಯ್ತಮ್ಮ, ನೀನು ಆ ಹುಣಸೆ ಮರದ ಹತ್ರ ಛತ್ರಿ ಮೇಲಕ್ಕೆ ಎತ್ತಿ ಹಿಡಿ. ಕಂಡ ಕೂಡ್ಲೆ ಹೊಗೆ ಕೊಡ್ತೀನಿ, ಊರೇ ಕಪ್ಪಾಗಬೇಕು" ಎಂದರು.

ಮಾತು ಛತ್ರಿಯದು. ಛತ್ರಿ ಅತ್ತೆಯದು. ಅಂದು ಬಿಸಿಲು ಸುಡುತ್ತಿತ್ತು. ಅತ್ತೆ ಛತ್ರಿ ಬಿಚ್ಚಿ, ಅದರಡಿ ಕಾಲು ಚಾಚಿ, ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ನಾನು ಅವರ ಒಂದು ಫೋಟೋ ತೆಗೆದೆ, ಅಂದಿನ ಬೆಳಕು ಹೇಗಿದೆ ನೋಡೋಣವೆಂದು. ಅಷ್ಟರಲ್ಲಿ ಕಾಗೆಗಳು ಎದ್ದವು.

"ಅತ್ತೆ, ಛತ್ರಿ ಕೊಡಿ!"

"ತಡಿಯೇ, ಬಿಸ್ಲು!"

"ಗಾಡಿ ಬಂತು, ಕೊಡೀ ಅಂದ್ರೆ!"

"ಸುಣ್ಣ ಚೆಲ್ತು ನೋಡು, ನಿನ್ನ ಗಾಡಿ ಮನೆ ಹಾಳಾಗ!"

ಛತ್ರಿ ಮಡಚಲು ಬಾರದೆ ಸಿಕ್ಕಿಕೊಂಡಿತು. ಎಂಜಿನ್ ತಿರುವಿನಲ್ಲಿ ಕಾಣಿಸಿತು. ಹೊಗೆ ಒಂದು ಎಳೆಯೂ ಇಲ್ಲ. ಸಾಹೇಬರು ಛತ್ರಿ ಕಾಣದೆ ಸುಮ್ಮನಿದ್ದಾರೆ. ನಾನು ಯೋಚನೆ ಮಾಡಲಿಲ್ಲ. ಸೆರಗು ಬಿಚ್ಚಿ ತಲೆಯ ಮೇಲೆ ಜೋರಾಗಿ ಬೀಸಿದೆ.

ಅಂದು ನಾನು ಉಟ್ಟಿದ್ದು ಕುಂಕುಮ ಬಣ್ಣದ ಸೀರೆ.

ರೈಲ್ವೆಗೆ ಸೇರಿದ ಹೊಸದರಲ್ಲೇ ಎಲ್ಲರಿಗೂ ಹೇಳಿಕೊಡುವ ಪಾಠ ಒಂದಿದೆ. ಹಳಿಯ ಪಕ್ಕದಲ್ಲಿ ಯಾರೇ ಆಗಲಿ, ಏನನ್ನೇ ಆಗಲಿ ಜೋರಾಗಿ ಬೀಸಿದರೆ ಅದು ಅಪಾಯದ ಸೂಚನೆ, ಡ್ರೈವರ್ ನಿಲ್ಲಿಸಲೇಬೇಕು. ಬೀಸಿದ ಬಟ್ಟೆ ಕೆಂಪಾಗಿದ್ದರಂತೂ ಕೇಳುವುದೇ ಬೇಡ. ಪರೀಕ್ಷೆಯಲ್ಲಿ ನಾನೇ ಈ ಪ್ರಶ್ನೆಗೆ ಸರಿಯಾದ ಉತ್ತರ ಬರೆದಿದ್ದೆ. ಬ್ರೇಕು ಕಿರುಚಿತು. ಬಂಡಿಗಳು ಒಂದಕ್ಕೊಂದು ಢಿಕ್ಕಿ ಕೊಟ್ಟ ಸದ್ದು ಹಿಂದಿನವರೆಗೂ ಹರಿದುಹೋಯಿತು. ಇಡೀ ಪ್ಯಾಸೆಂಜರ್ ಗಾಡಿ ಏರಿನ ನಡುವೆ, ನಮ್ಮತ್ತೆಯ ಎದುರಿಗೆ ಬಂದು ನಿಂತಿತು. ಪ್ರತಿ ಕಿಟಕಿಯಿಂದಲೂ ತಲೆಗಳು.

ಖಾದರ್ ಸಾಹೇಬರು ಎಂಜಿನ್‌ನಿಂದ ಅರ್ಧ ದೇಹ ಹೊರಗೆ ಹಾಕಿ, "ಏನಮ್ಮಾ? ಹಳಿ ಮುರಿದಿದ್ಯಾ? ಹಸು ಬಿದ್ದಿದ್ಯಾ?" ಎಂದು ಕೂಗಿದರು.

"ಇಲ್ಲ ಸಾಹೇಬ್ರೆ... ಹೊಗೆ."

"ಏನು?"

"ಹೊಗೆ ಬೇಕಿತ್ತು!"

ಅವರು ಹಣೆ ಹಣೆ ಚಚ್ಚಿಕೊಂಡರು. ಆ ಹಣೆ ಚಚ್ಚಿಕೊಳ್ಳುವುದನ್ನೂ ನಾನು ಫೋಟೋ ತೆಗೆದೆ. ಯಾಕೆ ತೆಗೆದೆ ಎಂದರೆ ಗೊತ್ತಿಲ್ಲ, ಕೈ ಕ್ಯಾಮೆರಾದ ಮೇಲಿತ್ತು. ಹಿಂದಿನಿಂದ ಗಾರ್ಡ್ ಇಳಿದು ಬಾವುಟ ಹಿಡಿದು ಓಡಿ ಬರುತ್ತಿದ್ದರು. ಬಂಡಿಯೊಳಗಿನ ಒಬ್ಬ ಅಜ್ಜ ಅತ್ತೆಯನ್ನು ಕೇಳಿದ: "ಇದ್ಯಾವ ಟೇಸನ್ನಮ್ಮ?"

"ಟೇಸನ್ ಅಲ್ಲ ಕಣಪ್ಪಾ, ನನ್ನ ಸೊಸೆ" ಎಂದರು ಅತ್ತೆ. ಗಾಡಿಯೆಲ್ಲ ನಕ್ಕಿತು.

ಸಾಹೇಬರು ಗಾರ್ಡ್‌ಗೆ ಏನೋ ಹೇಳಿ ವಾಪಸು ಕಳಿಸಿ, ನನ್ನ ಕಡೆ ತಿರುಗಿ, "ನಿಲ್ಸಿ ಆಯ್ತು. ಇನ್ನು ಇಷ್ಟು ಭಾರಾನ ಈ ಏರಲ್ಲಿ ನಿಂತ ಜಾಗದಿಂದ ಎತ್ತಬೇಕು. ನೀನು ಬೇಡ ಅಂದ್ರೂ ಹೊಗೆ ಬರುತ್ತೆ. ಹಿಂದಕ್ಕೆ ಸರಿದು ನಿಂತ್ಕೊ, ತಗೊ" ಎಂದರು.

ಎತ್ತಿದರು. ಚಕ್ರಗಳು ಒಮ್ಮೆ ಜಾರಿ ಸುತ್ತಿದವು. ಹಿಡಿತ ಸಿಗಲೆಂದು ಹಳಿಯ ಮೇಲೆ ಮರಳು ಬಿಟ್ಟರು. ಎಂಜಿನ್ ಒಂದೊಂದೇ ಉಸಿರು ಎಳೆದು ಬಿಡುವಾಗ ನನ್ನ ಎದೆಯೊಳಗೇ ಯಾರೋ ಗುದ್ದಿದಂತಾಯಿತು. ಹೊಗೆ ನೆಟ್ಟಗೆ ಮೇಲೆ ಹೋಗಿ, ತೆಂಗಿನ ಗರಿಗಳ ಮೇಲೆ ಕೊಡೆಯಂತೆ ಹರಡಿತು. ಕಿಟಕಿಗಳ ತುಂಬ ನಗುವ ಮುಖಗಳು. ನಾನು ಗುಂಡಿ ಒತ್ತಿದೆ. ಸುಮ್ಮನೆ ಹಾದುಹೋಗುವ ಗಾಡಿಯಲ್ಲಿ ಇದು ಯಾವತ್ತೂ ಸಿಗುತ್ತಿರಲಿಲ್ಲ.

ಮಾರನೆಯ ದಿನ ಮೂರ್ತಿಗಳ ಮುಂದೆ ನಿಂತೆ. ಅವರ ಕೋಪ ತಪ್ಪು ಎಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. "ಏನಮ್ಮಾ, ಬಿ.ಎ. ಓದಿದ್ದೀರಿ ಅಂತೀರಿ. ಗಾಡಿ ನಿಲ್ಲಿಸೋದಕ್ಕೆ ಓದಿದ್ರಾ?" ನನಗೆ ಎಚ್ಚರಿಕೆಯ ಪತ್ರ ಬಂತು, ಸಾಹೇಬರಿಗೂ ವಿಚಾರಣೆ ಆಯಿತು. ಅವರು ನಿಯಮದಂತೆ ನಿಲ್ಲಿಸಿದ್ದರಿಂದ ಅವರಿಗೇನೂ ಆಗಲಿಲ್ಲ. ಅದಾದ ಮೇಲೆ ನನಗೆ ಹೆಸರೇ ಬಿತ್ತು: ಗಾಡಿ ನಿಲ್ಸಿದ ಜಯಮ್ಮ. ತಿಪಟೂರಿನಿಂದ ಹಾಸನದವರೆಗೆ ಸ್ಟೇಷನ್ನುಗಳಲ್ಲಿ ಹಾಗೆ ಕರೆದರೆ ಸಾಕಿತ್ತು, ಗುರುತು ಸಿಗುತ್ತಿತ್ತು. ಸಾಹೇಬರಂತೂ ಗಾಡಿ ಹೊರಡುವ ಮೊದಲು ಕೌಂಟರಿಗೆ ಬಗ್ಗಿ ನೋಡಿ, "ಇವತ್ತು ಯಾವ ಬಣ್ಣ? ಹಸಿರಾ? ಹಂಗಾದ್ರೆ ಧೈರ್ಯವಾಗಿ ಹೋಗ್ತೀನಿ" ಎನ್ನುತ್ತಿದ್ದರು. ಅವರು ಈಗಿಲ್ಲ.

ಚಂದ್ರಣ್ಣನ ಸ್ಟುಡಿಯೋದಿಂದ ಚಿತ್ರ ತೊಳೆದು ಬಂದಾಗ ನಾನು ಅದನ್ನು ಹಿಡಿದು ಮೂರ್ತಿಗಳ ಹತ್ತಿರವೇ ಹೋದೆ. ಹುಂಬತನ ಅನ್ನಿ. ವೆಯಿಟಿಂಗ್ ಹಾಲಿನಲ್ಲಿ ಶಿಲಾಬಾಲಿಕೆಯ ಪಕ್ಕ ಇದನ್ನೂ ಹಾಕಿ, ಕೆಳಗೆ ಸಣ್ಣದಾಗಿ ನನ್ನ ಹೆಸರು ಬರೆಸಿ ಎಂದೆ. ಆಗ ಅವರು ಹೇಳಿದ್ದೇ ನಾನು ಮೊದಲಲ್ಲಿ ಬರೆದ ಮಾತು. ಮಾವ ಈರಯ್ಯನಿಗೆ ಸುದ್ದಿ ಮುಟ್ಟಿ, "ನಮ್ಮೋರ ಹೆಸ್ರು ಗೋಡೆ ಮೇಲೆ ಬರೆಯೋರು ಯಾರೇ? ಸಿಕ್ಕ ಕೆಲಸ ಉಳಿಸ್ಕೊ" ಎಂದು ಊರಿನಿಂದ ಬಂದು ಬೈದು ಹೋದರು. ಅವರ ಮಾತು ಹೆಚ್ಚು ಚುಚ್ಚಿತು. ಅವರು ಕೆಡುಕಿನಿಂದ ಆಡಿದ್ದಲ್ಲ. ಅವರು ಕಂಡ ಲೋಕದಲ್ಲಿ ನಮ್ಮ ಹೆಸರು ಯಾವ ಗೋಡೆಯ ಮೇಲೂ ಇರಲಿಲ್ಲ. ಅಂದೇ ನಿಶ್ಚಯ ಮಾಡಿದೆ, ಆ ಫೋಟೋ ಆ ಸ್ಟೇಷನ್ನಿನಲ್ಲಿ ನನ್ನ ಹೆಸರಿನ ಜೊತೆಗೇ ಇರಬೇಕು ಎಂದು.

ಮುಂದಿನ ವರ್ಷ ಬೇಲೂರಿಗೆ ನೆಂಟರ ಮನೆಗೆ ಹೋಗಿದ್ದೆ. ಬೇಕರಿಯಲ್ಲಿ ಬ್ರೆಡ್ಡು ಕಟ್ಟಿಸಿಕೊಳ್ಳುತ್ತಾ ತಲೆಯೆತ್ತಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ಗಾಡಿ. ಅದೇ ಹೊಗೆ, ಅದೇ ತೆಂಗಿನ ಗರಿ, ಅದೇ ಮುಖಗಳು. ಕೆಳಗೆ ಚಂದ್ರಣ್ಣನ ಸ್ಟುಡಿಯೋದ ಹೆಸರು. ಬ್ರೆಡ್ಡು ಬಿಟ್ಟು ಬಸ್ಸು ಹತ್ತಿದೆ. ಚಂದ್ರಣ್ಣ ಸ್ವಲ್ಪವೂ ಅಳುಕಲಿಲ್ಲ.

"ಗಾಡಿ ರೈಲ್ವೇದು, ಹೊಗೆ ಕಲ್ಲಿದ್ದಲಿಂದು, ತೊಳೆದು ಪ್ರಿಂಟ್ ಹಾಕಿದ್ದು ನಾನು. ಇದ್ರಲ್ಲಿ ನಿಮ್ದೇನು ಮೇಡಂ?"

"ಅಲ್ಲಿ ನಿಂತಿದ್ದು ನಾನು."

"ನಿಂತೋರಿಗೆಲ್ಲ ಹೆಸರು ಹಾಕಕ್ಕಾಗುತ್ತಾ? ಇದನ್ನು ಯಾರೂ ನಿಮ್ದು ಅಂತ ಒಪ್ಪಲ್ಲ, ಬಿಡಿ."

ಜಗಳ ಆಡಿ ಎದ್ದು ಬಂದೆ. ಆದರೆ ಒಂದು ಕೆಲಸ ನಾನು ಮೊದಲೇ ಸರಿಯಾಗಿ ಮಾಡಿದ್ದೆ. ಆಗಿನ ಪದ್ಧತಿ ಹೇಗಿತ್ತೆಂದರೆ, ಫಿಲಂ ತೊಳೆದ ಮೇಲೆ ಸ್ಟುಡಿಯೋದವರು ನೆಗೆಟಿವನ್ನು ಒಂದೊಂದೇ ಚಿತ್ರವಾಗಿ ಕತ್ತರಿಸಿ, ಚೆನ್ನಾಗಿರುವುದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತಿದ್ದರು. ನಾನು ಮಾತ್ರ ಮೊದಲಿನಿಂದಲೂ ಕತ್ತರಿಸಲು ಬಿಡುತ್ತಿರಲಿಲ್ಲ. ಪಟ್ಟಿ ಪಟ್ಟಿಯಾಗಿಯೇ ವಾಪಸು ಪಡೆದು, ಅಕ್ಕಿ ಡಬ್ಬಿಯಂತೆ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತಿದ್ದೆ. ಚಂದ್ರಣ್ಣ ಅದರಲ್ಲಿ ಒಂದು ಚಿತ್ರದ ನಕಲನ್ನು ನನಗೆ ಹೇಳದೆ ಮಾಡಿಕೊಂಡಿದ್ದ, ಅಷ್ಟೆ. ಇಂದಿನವರಿಗೂ ಇದೇ ಬುದ್ಧಿ ಹೇಳುತ್ತೇನೆ. ವಾಟ್ಸ್ಯಾಪಿಗೆ ಕಳಿಸಿ, ಫೋನಿನಿಂದ ಅಳಿಸಿ ಹಾಕಬೇಡಿ. ಚೆನ್ನಾಗಿ ಬಂದ ಚಿತ್ರದ ಹಿಂದಿನದನ್ನೂ ಮುಂದಿನದನ್ನೂ ಇಟ್ಟುಕೊಳ್ಳಿ, ಕೆಟ್ಟಿದ್ದರೂ ಸರಿ.

ವರ್ಷಗಳು ಉರುಳಿದವು. ಮೀಟರ್‌ಗೇಜ್ ಕಿತ್ತು ಅಗಲ ಹಳಿ ಹಾಕಿದರು. ನೀರಿನ ಕಂಬ ಹೋಯಿತು, ಬೂದಿ ಗುಂಡಿ ಮುಚ್ಚಿತು. ಡೀಸೆಲ್ ಎಂಜಿನ್ ಬಂದಾಗ ನಾನು ಸ್ವಲ್ಪ ದಿನ ಕ್ಯಾಮೆರಾ ಮುಟ್ಟಲಿಲ್ಲ, ಮುನಿಸು. ಆಮೇಲೆ ಅದರ ಗುಡುಗೂ ಹಿಡಿಸಿತು. ಈಗ ಡೀಸೆಲ್ ಕಡಿಮೆಯಾಗಿ ವಿದ್ಯುತ್ ಎಂಜಿನ್. ಹುಡುಗರು ಕಂಬ, ತಂತಿ ಎಲ್ಲ ಅಡ್ಡ ಬರುತ್ತವೆ ಎಂದು ಗೊಣಗುತ್ತಾರೆ. ನಾನೂ ಡೀಸೆಲ್ ಬಂದಾಗ ಹೀಗೇ ಗೊಣಗಿದ್ದೆ. ಇವತ್ತು ಗೊಣಗಿಕೊಂಡು ಬಿಟ್ಟದ್ದನ್ನೇ ನಾಳೆ ಹುಡುಕಿಕೊಂಡು ಅಲೆಯುತ್ತೀರಿ. ಬೇಲೂರಿನ ಕಡೆಗೆ ಹಳಿ ಹಾಕಲು ಮಣ್ಣು ಏರಿಸುತ್ತಿದ್ದಾರೆ. ಹೋಗಿ ಆ ಮಣ್ಣಿನ ಫೋಟೋ ತೆಗೆಯಿರಿ. ಗಾಡಿ ಓಡಿದ ಮೇಲೆ ಆ ಮಣ್ಣು ಯಾರಿಗೂ ಕಾಣುವುದಿಲ್ಲ.

ಒಮ್ಮೆ ಅತ್ತೆಯನ್ನು ಕರೆದುಕೊಂಡು ಊಟಿಯ ಬೆಟ್ಟದ ರೈಲಿಗೆ ಹೋಗಿದ್ದೆ. ಉಗಿ ಎಂಜಿನ್ ಇನ್ನೂ ಇದೆಯೆಂದು ಕೇಳಿ ಕುಣಿದುಕೊಂಡು ಹೋದವಳು. ಮೆಟ್ಟುಪಾಳ್ಯದಿಂದ ಮೇಲೆ ಒಳ್ಳೆಯ ತಿರುವು ಹುಡುಕಿ, ಎಂಜಿನ್‌ನ ಮುಖಕ್ಕೆಂದು ಕ್ಯಾಮೆರಾ ಹೊಂದಿಸಿ ನಿಂತೆ. ತಿರುವಿನಲ್ಲಿ ಬಂದದ್ದು ಬರೀ ಬಂಡಿ. ಒಂದಾದ ಮೇಲೊಂದು ಬಂಡಿ, ಎಂಜಿನ್ನೇ ಇಲ್ಲ. ನಾನು ಬಾಯಿ ತೆರೆದು ನೋಡುತ್ತಿರುವಾಗಲೇ ಕೊನೆಯಲ್ಲಿ ಅದು ಬುಸುಗುಡುತ್ತಾ ಹಿಂದಿನಿಂದ ನೂಕಿಕೊಂಡು ಹೋಗಿಬಿಟ್ಟಿತು. ಆ ಏರಿನಲ್ಲಿ ಎಂಜಿನ್ ಹಿಂದೆಯೇ ಇರುತ್ತದಂತೆ. ಅರಸೀಕೆರೆಯಲ್ಲಿ ಎಂಜಿನ್ ಈ ತುದಿಯಿಂದ ಬಿಚ್ಚಿ ಆ ತುದಿಗೆ ಕಟ್ಟುವುದನ್ನು ದಿನಾ ನೋಡಿದವಳಿಗೆ ಇದೊಂದು ಹೊಳೆಯಲಿಲ್ಲ. ಅತ್ತೆ ಹೊಟ್ಟೆ ಹಿಡಿದು ನಕ್ಕರು. "ನಮ್ಮನೆ ಗಂಡಸ್ರು ಇದ್ದಂಗೈತೆ ಕಣೇ, ಮುಂದೆ ಬರೀ ಬಂಡಿ, ಹಿಂದಿಂದ ನೂಕೋರು ಬೇರೆ!" ಯಜಮಾನರು ಪಕ್ಕದಲ್ಲೇ ಚೀಲ ಹೊತ್ತು ನಿಂತಿದ್ದರು.

ನಾನು ನಿವೃತ್ತಳಾದ ಮೇಲೆ ನಮ್ಮ ಸ್ಟೇಷನ್ನಿಗೆ ಹೊಸ ರೂಪ ಕೊಡುವ ಕೆಲಸ ಶುರುವಾಯಿತು. ಹೊಸ ಹಾಲಿನ ಒಂದು ಗೋಡೆಯನ್ನು ಇಲ್ಲಿಯ ಹಳೆಯ ರೈಲಿನ ಫೋಟೋಗಳಿಗೆ ಮೀಸಲಿಡುತ್ತಾರೆ, ತೆಗೆದವರ ಹೆಸರು ಹಾಕುತ್ತಾರೆ, ಆಯ್ಕೆಯಾದವರಿಗೆ ಪ್ರಶಸ್ತಿ ಪತ್ರ ಕೊಡುತ್ತಾರೆ ಎಂದು ಸುದ್ದಿ ಬಂತು. ನಾನು ಆ ಫೋಟೋ ಕೊಟ್ಟೆ. ಕೆಲವು ದಿನಕ್ಕೆ ಕರೆ ಬಂತು: "ಮೇಡಂ, ಇದೇ ಫೋಟೋನ ಇನ್ನೊಬ್ಬರೂ ಕೊಟ್ಟಿದ್ದಾರೆ. ಅವರ ಹತ್ರ ಹಳೇ ಕ್ಯಾಲೆಂಡರ್ ಇದೆ, ಅದರಲ್ಲಿ ಅವರ ಹೆಸರು ಅಚ್ಚಾಗಿದೆ. ಒಂದು ಸಲ ಬಂದು ಹೋಗಿ."

ಚಂದ್ರಣ್ಣನೇ. ತಲೆ ಬೆಳ್ಳಗಾಗಿತ್ತು, ಗತ್ತು ಹಾಗೇ ಇತ್ತು. ಮೇಜಿನ ಆಚೆ ಒಬ್ಬ ಅಧಿಕಾರಿಣಿ, ನನ್ನ ಮಗಳ ವಯಸ್ಸಿನವರು. ಪಕ್ಕದ ಕುರ್ಚಿಯಲ್ಲಿ, ಊರಿನ ಹಿರಿಯ ರೈಲ್ವೆ ನೌಕರರೆಂದು ಸಲಹೆಗೆ ಕರೆಸಿದ್ದ ನರಸಿಂಹಮೂರ್ತಿಗಳು. ಎದುರಿಗೆ ಅಚ್ಚಾದ ಹೆಸರು, ಪಕ್ಕದಲ್ಲಿ ನನ್ನನ್ನು ಕಂಡರಾಗದ ಹಳೆಯ ಸೂಪರ್‌ವೈಸರ್. ಮುಗಿಯಿತು ಎಂದುಕೊಂಡೆ.

"ನಿಮ್ಮ ಹತ್ರ ಏನಿದೆ ಅಮ್ಮಾ?" ಎಂದರು ಅಧಿಕಾರಿಣಿ.

ನಾನು ನೆಗೆಟಿವ್ ಪಟ್ಟಿ ಮುಂದಿಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೊದಲು ಛತ್ರಿಯ ಕೆಳಗೆ ಕುಳಿತ ಅತ್ತೆ. ಕೊನೆಯಲ್ಲಿ ಹೊಗೆಯ ಗಾಡಿ. ನಡುವೆ ಇನ್ನೊಂದು ಚಿತ್ರ. ಅವರ ಹುಬ್ಬು ಗಂಟಿಕ್ಕಿತು.

"ಇದೇನಿದು? ಇಲ್ಲಿ ಗಾಡಿ ನಿಂತಿದೆ. ಸ್ಟೇಷನ್ ಇಲ್ಲ, ಸಿಗ್ನಲ್ ಇಲ್ಲ, ಡ್ರೈವರ್ ತಲೆ ಚಚ್ಚಿಕೊಳ್ತಿದ್ದಾರೆ. ಇಲ್ಲಿ ಗಾಡಿ ಯಾಕೆ ನಿಲ್ತು?" ಎಂದು ಚಂದ್ರಣ್ಣನ ಕಡೆ ತಿರುಗಿದರು. "ನೀವು ಹೇಳಿ, ನೀವೇ ತಾನೇ ತೆಗೆದದ್ದು?"

ಚಂದ್ರಣ್ಣ ತಡವರಿಸಿದ. "ಅದು... ಹಸು ಏನೋ ಅಡ್ಡ ಬಂದಿತ್ತು ಅನ್ಸುತ್ತೆ."

ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ನಗು. ಮೂರ್ತಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಹಸು ಅಲ್ಲ ಮೇಡಂ, ಈಯಮ್ಮ! ಸೆರಗು ಬೀಸಿ ಪ್ಯಾಸೆಂಜರ್ ಗಾಡೀನೇ ನಿಲ್ಸಿದ್ಲು. ಎಚ್ಚರಿಕೆ ಪತ್ರ ಬರೆದೋನು ನಾನೇ. ಹಾಸನದವರೆಗೂ ಗೊತ್ತಿರೋ ಕಥೆ ಇದು. ಆ ಗಾಡಿ ಅಲ್ಲಿ ನಿಂತಿದ್ದು ಅದೊಂದೇ ಸಲ. ಈ ಫೋಟೋ ಬೇರೆ ಯಾರೂ ತೆಗೆಯೋಕೆ ಸಾಧ್ಯಾನೇ ಇಲ್ಲ." ನನ್ನ ಕಡೆ ತಿರುಗಿ, "ಏನ್ ಹೊಗೆ ಜಯಮ್ಮ! ಅವತ್ತು ಕೋಪದಲ್ಲಿ ನಾನು ಇದನ್ನ ಸರಿಯಾಗಿ ನೋಡ್ಲೇ ಇಲ್ಲ ನೋಡಿ" ಎಂದರು.

ಇಷ್ಟು ವರ್ಷ ನನ್ನನ್ನು ಹಂಗಿಸಲು ಬಳಸಿದ ಕಥೆಯೇ ಅಂದು ನನ್ನ ಸಾಕ್ಷಿಯಾಗಿ ಎದ್ದು ನಿಂತಿತು. ಚಂದ್ರಣ್ಣ ಕ್ಯಾಲೆಂಡರ್ ಸುತ್ತಿಕೊಂಡು ಎದ್ದ. ಬ್ಯಾಂಡು ಬಾರಿಸಿಕೊಂಡು ಮನೆಗೆ ಹೋಗಬೇಕೆನಿಸಿತ್ತು ನನಗೆ, ಆಟೋದಲ್ಲಿ ಹೋದೆ.

ಗೋಡೆ ತೆರೆಯುವ ದಿನ ಅತ್ತೆಯನ್ನು ಗಾಲಿ ಕುರ್ಚಿಯಲ್ಲಿ ಕರೆದೊಯ್ದೆವು. ಹೊಸ ಹಾಲು ಥಳಥಳ ಎನ್ನುತ್ತಿತ್ತು. ಗೋಡೆಯ ನಟ್ಟನಡುವೆ ನನ್ನ ಗಾಡಿ, ಆಳೆತ್ತರ. ಪ್ಲಾಟ್‌ಫಾರಂ ತುದಿಯ ಹುಡುಗ ಹುಡುಗಿಯರೆಲ್ಲ ಬಂದಿದ್ದರು, ಸಿಳ್ಳೆ ಹಾಕಿದರು. ಅಧಿಕಾರಿಣಿ ನನ್ನ ಹೆಸರು ಕೂಗಿದರು, ಬಿ.ಎ. ಸಮೇತ, ಹಾಗೆ ಕೂಗಬೇಕೆಂದು ನಾನೇ ಬರೆದುಕೊಟ್ಟಿದ್ದೆ. ಪ್ರಶಸ್ತಿ ಪತ್ರ ಕೈಗೆ ಬಂತು. ನಾನು ನೇರವಾಗಿ ಅತ್ತೆಯ ಹತ್ತಿರ ಹೋಗಿ ಅದನ್ನು ಅವರ ತೊಡೆಯ ಮೇಲಿಟ್ಟೆ.

ಅತ್ತೆಗೆ ಪತ್ರಕ್ಕಿಂತ ಗೋಡೆಯ ಮೇಲೆ ಕಣ್ಣು. ಫೋಟೋದ ಕೆಳಗೆ ಹಳದಿ ಪಟ್ಟಿಯಲ್ಲಿ ದಪ್ಪ ಕಪ್ಪು ಅಕ್ಷರ, ಒಂದರ ಕೆಳಗೊಂದು ಮೂರು ಸಾಲು. ಬೆರಳು ತೋರಿಸಿ ಕೇಳಿದರು:

"ಅದೇನೇ ಅದು? ಟೇಸನ್ ಬೋರ್ಡಲ್ಲಿ ಊರ್ ಹೆಸ್ರು ಬರ್ದಂಗೈತೆ?"

"ನನ್ನ ಹೆಸರು ಅತ್ತೆ. ಕನ್ನಡ, ಹಿಂದಿ, ಇಂಗ್ಲಿಷು, ಮೂರರಲ್ಲೂ ಬರೆದಿದ್ದಾರೆ."

ಅತ್ತೆ ಮೂರೂ ಸಾಲನ್ನು ಮೇಲಿನಿಂದ ಕೆಳಗೆ ಓದುವವರಂತೆ ನೋಡಿದರು. ಆಮೇಲೆ ನನ್ನ ಕೈ ಹಿಡಿದೆಳೆದು ಪಕ್ಕಕ್ಕೆ ನಿಲ್ಲಿಸಿಕೊಂಡು, ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು:

"ಹಂಗಾರೆ ನೀನೂ ಒಂದು ಟೇಸನ್ ಆದೆ ಬಿಡು."